ಹುಣ್ಣಿಮೆ ನೋಡಿ ಟಿಕೆಟ್ ತೆಗೆಯಿರಿ: ಅಂಡಮಾನಿನ ಕಡಲಲ್ಲಿ ಗಾಳದ ದಿನಗಳು

ಅಂಡಮಾನಿಗೆ ಗಾಳ ಹಿಡಿದು ಹೊರಡುವವರು ಮೊದಲು ಪಂಚಾಂಗ ತೆರೆಯಬೇಕು. ವಿಮಾನದ ದರ ಆಮೇಲೆ. ಮೊದಲ ಸಲ ನಾವು ನಾಲ್ವರು ಕಚೇರಿಯ ರಜೆಗೆ ಹೊಂದಿಸಿಕೊಂಡು ನವೆಂಬರಿನಲ್ಲಿ ಹೋದೆವು. ಅಷ್ಟಮಿಯ ಆಸುಪಾಸು. ಸಮುದ್ರದಲ್ಲಿ ಸೆಳೆತವೇ ಇರಲಿಲ್ಲ. ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಎರಡು ದಿನ ದೋಣಿಗಳು ದಡ ಬಿಡಲಿಲ್ಲ. ಐದು ದಿನಗಳ ಹಣ ಕೊಟ್ಟು ಮೂರು ದಿನ ಕಡಲಿನಲ್ಲಿದ್ದೆವು, ಅರಸಿ ಹೋದ ಮೀನಿನ ನೆರಳೂ ಕಾಣಲಿಲ್ಲ. ಎರಡನೆಯ ಸಲ ಮಾರ್ಚ್ ಹುಣ್ಣಿಮೆಯ ವಾರವನ್ನು ಆರಿಸಿಕೊಂಡೆವು. ಅದೇ ದ್ವೀಪ, ಅದೇ ದೋಣಿಯವರು. ಆದರೆ ಬೇರೆಯೇ ಸಮುದ್ರ.

ಕಾರಣ ಸರಳ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ಉಬ್ಬರವಿಳಿತ ದೊಡ್ಡದು. ಆಗ ಹವಳದ ದಿಬ್ಬಗಳ ಮೇಲೆ ನೀರು ಹೊಳೆಯಂತೆ ಹರಿಯುತ್ತದೆ, ಸಣ್ಣ ಮೀನುಗಳು ಆ ಸೆಳೆತಕ್ಕೆ ಸಿಕ್ಕಿ ತಡಬಡಿಸುತ್ತವೆ. ನಾವು ಅರಸಿ ಹೋದ, ಗಾಳಗಾರರು ಜಿಟಿ ಎಂದು ಕರೆಯುವ ಜೈಂಟ್ ಟ್ರೆವಲ್ಲಿ ಎಂಬ ದೊಡ್ಡ ಬೇಟೆಗಾರ ಮೀನು ದಿಬ್ಬದ ಅಂಚಿನಲ್ಲಿ ಕಾದಿದ್ದು ನುಗ್ಗುವುದು ಆಗಲೇ. ಋತುವಿನ ಮಟ್ಟಿಗೆ ಹೇಳುವುದಾದರೆ, ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಭಯ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಬರುವ ಹುಣ್ಣಿಮೆ, ಅಮಾವಾಸ್ಯೆಗಳನ್ನು ಗುರುತು ಹಾಕಿಕೊಂಡು, ದೋಣಿಯವರೊಂದಿಗೆ ಮಾತನಾಡಿ ದಿನ ಗೊತ್ತು ಮಾಡಿ.

ಬೆಂಗಳೂರಿನಿಂದ ಶ್ರೀ ವಿಜಯಪುರಂಗೆ (2024ರವರೆಗೆ ಇದೇ ಪೋರ್ಟ್ ಬ್ಲೇರ್) ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಆದ್ದರಿಂದ ಮರಳುವ ವಿಮಾನದ ಹಿಂದಿನ ಒಂದು ಹಗಲನ್ನು ಖಾಲಿ ಬಿಡಿ. ಇನ್ನೊಂದು ಮಾತು: ದೇಶದ ಗಡಿಯಾರ ಒಂದೇ ಆದರೂ ಅಂಡಮಾನ್ ಬಹಳ ಪೂರ್ವಕ್ಕಿದೆ. ಐದು ಗಂಟೆಯ ಸುಮಾರಿಗೇ ಬೆಳಕು ಹರಿಯುತ್ತದೆ, ಸಂಜೆ ಐದೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಬೆಳಗಿನ ನಾಲ್ಕೂವರೆಗೆ ದಡದಲ್ಲಿ ನಿಂತಿರಬೇಕು.

ಸಲಕರಣೆಯಲ್ಲಿ ಜಿಪುಣತನ ಬೇಡ. ಕುಂದಾಪುರದ ಅಳಿವೆಯಲ್ಲಿ ಬಳಸುವ ಕೋಲು, ರೀಲು ಅಲ್ಲಿ ಒಂದು ಮೀನಿಗೂ ತಾಳುವುದಿಲ್ಲ. 80ರಿಂದ 100 ಪೌಂಡ್ ಭಾರ ತಡೆಯುವ ಹೆಣೆದ ದಾರ ಕನಿಷ್ಠ 300 ಮೀಟರ್, ಅದರ ತುದಿಗೆ 150 ಪೌಂಡಿಗೆ ಕಡಿಮೆಯಿಲ್ಲದ ದಪ್ಪ ನೈಲಾನ್. ಎರಡನ್ನೂ ಬೆಸೆಯುವ ಎಫ್‌ಜಿ ಗಂಟನ್ನು ಮನೆಯಲ್ಲೇ ಐವತ್ತು ಸಲ ಹಾಕಿ ಕೈ ಪಳಗಿಸಿಕೊಳ್ಳಿ. ಓಲಾಡುವ ದೋಣಿಯಲ್ಲಿ ಅದನ್ನು ಕಲಿಯಲು ಆಗುವುದಿಲ್ಲ. ಪಾಪರ್ ಎಂಬ ಹುಸಿ ಮೀನು 100 ಗ್ರಾಂ ಮೀರಿ ತೂಗುತ್ತದೆ. ಅದನ್ನು ದೂರಕ್ಕೆ ಬೀಸಿ, ನೀರು ಚಿಮ್ಮುವಂತೆ ಎಳೆದು, ಮತ್ತೆ ಬೀಸಬೇಕು. ಹೀಗೆ ದಿನಕ್ಕೆ ನೂರಾರು ಸಲ. ನಾನು ಹೊರಡುವ ಮುನ್ನ ಮೂರು ವಾರ ಪ್ರತಿ ಬೆಳಿಗ್ಗೆ ತ್ರಾಸಿ ಕಡಲತೀರದಲ್ಲಿ ಗಾಳವಿಲ್ಲದ ಪಾಪರನ್ನು ಬೀಸಿ ಭುಜ ಗಟ್ಟಿ ಮಾಡಿಕೊಂಡೆ. ಈ ಪ್ರವಾಸಕ್ಕಾಗಿ ಮಾಡಿದ ಕೆಲಸಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ಗಾಳ, ಇಕ್ಕಳಗಳೆಲ್ಲ ವಿಮಾನದ ಚೆಕ್-ಇನ್ ಸಾಮಾನಿನಲ್ಲಿರಲಿ. ಕೋಲಿನ ಕೊಳವೆಯ ಉದ್ದಕ್ಕೆ ಮಿತಿಯಿದೆ, ಮೊದಲೇ ವಿಚಾರಿಸಿ.

ದೋಣಿ ಗೊತ್ತು ಮಾಡುವಾಗ ಮೀನಿನ ಫೋಟೋಗಳಿಗೆ ಮರುಳಾಗದೆ ಎಂಜಿನ್ ಎರಡಿವೆಯೇ, ಜೀವರಕ್ಷಕ ಅಂಗಿಗಳು ಎಲ್ಲರಿಗೂ ಸಾಕೇ, ರೇಡಿಯೋ ಇದೆಯೇ, ನೆರಳಿದೆಯೇ ಎಂದು ಕೇಳಿ. ಗಾಳದ ಉಕ್ಕನ್ನು ಕತ್ತರಿಸುವ ದೊಡ್ಡ ಕಟರ್ ಇದೆಯೇ ಎಂದೂ ಕೇಳಿ. ನಮ್ಮ ಗೆಳೆಯನ ಅಂಗೈಗೆ ಗಾಳ ಹೊಕ್ಕಾಗ ಕೈ ಉಳಿಸಿದ್ದು ಅದು.

ಎರಡನೆಯ ಪ್ರವಾಸದ ಮೂರನೆಯ ಬೆಳಿಗ್ಗೆ, ಇಳಿತ ಆರಂಭವಾದ ಅರ್ಧ ಗಂಟೆಗೆ, ನನ್ನ ಪಾಪರಿನ ಹಿಂದೆ ನೀರು ಉಬ್ಬಿತು. ಆಮೇಲೆ ಬಾವಿಗೆ ಬಂಡೆ ಬಿದ್ದಂತಹ ಸದ್ದು. ರೀಲಿನ ಬ್ರೇಕನ್ನು ಪೂರ್ತಿ ಬಿಗಿದಿದ್ದರೂ ದಾರ ಕಿರುಚುತ್ತಾ ಹೋಯಿತು. ಜಿಟಿ ಕಚ್ಚಿದೊಡನೆ ಹವಳದ ಕಡೆಗೆ ಓಡುತ್ತದೆ. ಅಲ್ಲಿ ಉಜ್ಜಿದರೆ ದಾರ ತುಂಡು. ಮೊದಲ ಹತ್ತು ಸೆಕೆಂಡು ಮಣಿಯದೆ ನಿಲ್ಲಬೇಕು, ದೋಣಿ ನಡೆಸುವವನು ತಕ್ಷಣ ಆಳದ ಕಡೆಗೆ ಸರಿಯಬೇಕು. ನಮ್ಮವನು ಸರಿದ. ಹದಿನೈದು ನಿಮಿಷಗಳ ನಂತರ ಬೆಳ್ಳಿಯ ಮೈಮೇಲೆ ಕಪ್ಪು ಚುಕ್ಕೆಗಳ, ಸುಮಾರು 20 ಕಿಲೋ ಇದ್ದಿರಬಹುದಾದ ಮೀನು ದೋಣಿಯ ಪಕ್ಕಕ್ಕೆ ಬಂತು.

ಅದನ್ನು ನೀರಿಗೆ ಬಿಟ್ಟೆವು. ಮೀನು ತಿಂದೇ ಬೆಳೆದ ಕರಾವಳಿಯವನಾಗಿ ಇದನ್ನು ಒತ್ತಿ ಹೇಳುತ್ತೇನೆ: ದೊಡ್ಡ ಜಿಟಿಯನ್ನು ಕೊಲ್ಲಬೇಡಿ. ಅಷ್ಟು ದೊಡ್ಡದಾಗಲು ಅದಕ್ಕೆ ವರ್ಷಗಳೇ ಹಿಡಿದಿರುತ್ತವೆ. ಹವಳದ ಬಳಿಯ ದೊಡ್ಡ ಬೇಟೆಗಾರ ಮೀನುಗಳಲ್ಲಿ ಸಿಗ್ವಾಟೆರಾ ಎಂಬ ವಿಷ ಕೂಡಿಕೊಂಡಿರಬಹುದು, ಬೇಯಿಸಿದರೂ ಅದು ಹೋಗುವುದಿಲ್ಲ. ಪಾಪರಿನ ಮೂರು ಮೊನೆಯ ಗಾಳ ತೆಗೆದು, ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ ಒಂಟಿ ಗಾಳ ಹಾಕಿ. ಕಿವಿರು ಹಿಡಿದು ತೂಗುಹಾಕದೆ, ಒದ್ದೆ ಕೈಗಳಲ್ಲಿ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಒಂದು ಫೋಟೋ ಸಾಕು. ಊಟಕ್ಕೆ ಮಧ್ಯಾಹ್ನ ಆಳದ ನೀರಿನಲ್ಲಿ ಸಿಕ್ಕ ಸಣ್ಣ ಟ್ಯೂನಾ ಒಂದನ್ನು ಇಟ್ಟುಕೊಂಡೆವು, ನಾಲ್ವರಿಗೂ ದೋಣಿಯವರಿಗೂ ಹೊಟ್ಟೆ ತುಂಬಿತು.

ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ನೀರಿನಲ್ಲಿ ಗಾಳ ಹಾಕುವಂತಿಲ್ಲ. ನಾರ್ತ್ ಸೆಂಟಿನಲ್ ದ್ವೀಪದ ಸುತ್ತ ಹೋಗುವುದೇ ಅಪರಾಧ. ಹವಳದ ಚೂರನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಿ ಮೊಸಳೆಗಳಿವೆ, ಮೊಣಕಾಲು ನೀರಿನಲ್ಲಿ ನಿಂತು ಗಾಳ ಬೀಸುವ ಆಸೆಯನ್ನು ಬಿಡಿ.

ಖರ್ಚಿನಲ್ಲಿ ದೊಡ್ಡ ಪಾಲು ದೋಣಿಯದು. ನಾಲ್ವರು ಹಂಚಿಕೊಂಡರೆ ಹಗುರ, ನಾಲ್ಕಕ್ಕಿಂತ ಹೆಚ್ಚಾದರೆ ಗಾಳ ಬೀಸಲು ಜಾಗವಿರುವುದಿಲ್ಲ. ಒಳ್ಳೆಯ ದೋಣಿಗಳು ಹುಣ್ಣಿಮೆ ವಾರಗಳಿಗೆ ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ. ಮುಂಗಡ ಕೊಡುವ ಮುನ್ನ, ಹವಾಮಾನ ಕೆಟ್ಟು ದೋಣಿ ಹೊರಡದ ದಿನದ ಹಣ ಮರಳಿ ಸಿಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.