ಹಿಂದಿನ ಮೂರು ಪ್ಲಗ್

ಅಮೆರಿಕದವರಿಗೆ ದೊಡ್ಡ ಎಂಜಿನ್ ಅಂದ್ರೆ ಪ್ರಾಣ. ಇಲ್ಲಿ ಬಿಸಿ ದೋಸೆ ಥರ ಖರ್ಚಾಗುವ ಫೋರ್ಡ್ ಎಫ್-150 ಪಿಕಪ್‌ಗೆ ಈಗಲೂ 5 ಲೀಟರಿನ, ಅಂದ್ರೆ ಸುಮಾರು 5000 ಸಿಸಿಯ, ವಿ8 (ಎಂಟು ಸಿಲಿಂಡರ್) ಎಂಜಿನ್ ಸಿಗುತ್ತದೆ. ಊರಲ್ಲಿ ಅಪ್ಪ ಓಡಿಸುವ ಆಲ್ಟೊ ಬರೀ 796 ಸಿಸಿ. ಆರು ಆಲ್ಟೊ ಸೇರಿದರೂ ಸ್ವಲ್ಪ ಕಮ್ಮಿಯೇ!

1960ರ ದಶಕದ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಎಂಜಿನ್ ಸುತ್ತ ಬೇಕಾದಷ್ಟು ಜಾಗ. ಪಾನಾ ಹಿಡಿದು ಮನೆ ಮುಂದೆಯೇ ರಿಪೇರಿ. ಈಗ ಎಷ್ಟೋ ಕಾರುಗಳಲ್ಲಿ ವಿ6 ಎಂಜಿನ್ ಅಡ್ಡಡ್ಡ ಕೂರಿಸಿರುತ್ತಾರೆ: ಮೂರು ಸಿಲಿಂಡರ್ ಮುಂದೆ, ಮೂರು ಹಿಂದೆ. ಮುಂದಿನ ಮೂರು ಸ್ಪಾರ್ಕ್ ಪ್ಲಗ್ (ಇಂಧನಕ್ಕೆ ಕಿಡಿ ಹೊತ್ತಿಸುವ ಭಾಗ) ಬದಲಿಸೋದು ಸಲೀಸು. ಹಿಂದಿನ ಮೂರಕ್ಕೆ ಕೈಯೇ ಹೋಗಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು, ಅದರ ಸಂದಿ ಮುಚ್ಚುವ ಗ್ಯಾಸ್ಕೆಟ್ ಬದಲಿಸಬೇಕು. ನಮ್ಮ ಕಾರಿನದೂ ಇದೇ ಕಥೆ. ಡಿಸೈನ್ ಮಾಡಿದವರು ಒಮ್ಮೆಯಾದರೂ ಪ್ಲಗ್ ಬಿಚ್ಚಿ ನೋಡಿದ್ದಾರಾ?

ಗ್ಯಾರೇಜಿನವರು ಹೇಳಿದ ಕೂಲಿ ಕೇಳಿ ತಲೆ ತಿರುಗಿತು. ಶನಿವಾರ ನಾನೇ ಕೈ ಹಾಕುತ್ತೇನೆ. ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟೇ ತಿರುಗಿಸುವ ಪಾನಾ) ಯಾರ ಹತ್ರ ಇದೆ?