ಪುಕ್ಕಟೆ ಕೊಟ್ಟ ಮೇಲೆ ಜಗಳ ಯಾಕೆ?

ವಿಜಯಪುರದಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೆ ನಾನು ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಯಾವ ರೈತರ ಬಾಕ್ಸ್ ಎಷ್ಟು, ಯಾವ ಚೇಂಬರ್‌ನಲ್ಲಿವೆ, ಬಾಡಿಗೆ ಎಷ್ಟಾಯಿತು, ಇಷ್ಟೇ. ಮುಕ್ಕಾಲು ಭಾಗ ಓಪನ್ ಸೋರ್ಸ್ ಸಾಮಾನಿನಿಂದಲೇ ಕಟ್ಟಿದ್ದು, ಅಂದರೆ ಬರೆದವರು ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಿಕೊಳ್ಳಿ ಎಂದು ಬಿಟ್ಟುಕೊಟ್ಟ ಕೋಡ್. ಹಾಗೆ ಬರೆದವರಿಗೂ ಅದನ್ನು ಬಳಸುವ ಕಂಪನಿಗಳಿಗೂ ಆಗಾಗ ಜಗಳ ಆಗುತ್ತದೆ. ಇದು ಗೊತ್ತಾದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಮೊನ್ನೆ ಒಬ್ಬ ಸಾಹುಕಾರರು ಚಹಾ ಕುಡಿಯುತ್ತ ಕೇಳಿದ ಧಾಟಿಯಲ್ಲೇ ಹೇಳುತ್ತೇನೆ: "ಸರ, ಬರದವರು ಪುಕ್ಕಟ ಕೊಟ್ಟಾರ, ಕಂಪನಿಯವರು ತಗೊಂಡಾರ. ಇದರಾಗ ಜಗಳ ಎಲ್ಲಿಂದ ಬಂತರೀ?"

ತೊಡಕಿರುವುದು ಆ 'ಪುಕ್ಕಟ' ಅನ್ನೋ ಮಾತಿನಲ್ಲೇ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದು ಎಲ್ಲರಿಗೂ ಗೊತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಚೀಟಿ ಇಲ್ಲ. ಹಾಗಂತ ಅದನ್ನು ಯಾರೂ ಪುಕ್ಕಟೆ ಅನ್ನುವುದಿಲ್ಲ. ಯಾರ ಮನೆಯಿಂದ ಎಷ್ಟು ಆಳು ಬಂದಿದ್ದರು ಅನ್ನುವುದು ಅವ್ವನಿಗೆ ಬಾಯಿಪಾಠ ಇರುತ್ತದೆ. ಓಪನ್ ಸೋರ್ಸ್ ನನಗೆ ಹಾಗೆ ಕಾಣುತ್ತದೆ. ಅದರ ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ನೋಡಿದರೆ ಯಾರು ಬೇಕಾದರೂ ಬಳಸಿ, ಬೇಕಾದರೆ ಮಾರಿ ಎಂದೇ ಇರುತ್ತದೆ. ಮರಳಿ ಆಳು ಕಳಿಸಿ ಎಂದು ಎಲ್ಲೂ ಬರೆದಿರುವುದಿಲ್ಲ. ಆದರೆ ಮನಸ್ಸಿನಲ್ಲಿ ಲೆಕ್ಕ ಇದ್ದೇ ಇರುತ್ತದೆ, ಅಲ್ವಾ?

ನನ್ನದೇ ಒಂದು ಕಥೆ ಇದೆ. ರೈತರಿಗೆ ಕೊಡುವ ಚೀಟಿ ಕನ್ನಡದಲ್ಲಿ ಬರಬೇಕು ಅಂತ ನನಗೆ ಹಟ. ಅಂಗಡಿಗಳಲ್ಲಿ ಬಿಲ್ ಹೊಡೆಯುವ ಚಿಕ್ಕ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲ. ಅದರ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರಗಳು. ಕನ್ನಡ ಕೊಟ್ಟರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಹೊರಬರುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಮೊದಲು ಚಿತ್ರ ಮಾಡಿ, ಆ ಚಿತ್ರವನ್ನು ಪ್ರಿಂಟರ್‌ಗೆ ಕಳಿಸಬೇಕು. ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವತ್ತು ಎಲ್ಲಿ ಬರಬೇಕು ಅನ್ನುವುದನ್ನು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ನೆಟ್ಟಗೆ ಕಾಣುವುದೂ ಅದರಿಂದಲೇ. ನಾನು ಬಳಸಿದ ಲೋಹಿತ್ ಫಾಂಟ್ ಬಂದಿದ್ದು ರೆಡ್ ಹ್ಯಾಟ್ ಎಂಬ ಕಂಪನಿಯಿಂದ. (ಕಂಪನಿಗಳು ಏನೂ ಕೊಡುವುದಿಲ್ಲ ಅನ್ನುವವರಿಗೆ ಇದನ್ನು ಹೇಳುತ್ತಿರುತ್ತೇನೆ.)

ಇವೆರಡನ್ನೂ ಜೋಡಿಸಿ ನಾನು ಬರೆದ ಚಿಕ್ಕ ಕೋಡನ್ನು ಬಳಸಿ, ಮಾರಿ ಎಂದು ಬಿಟ್ಟುಕೊಡುವ ಎಂಐಟಿ ಲೈಸೆನ್ಸ್‌ನಲ್ಲಿ ಇಂಟರ್ನೆಟ್‌ಗೆ ಹಾಕಿದೆ. ಎರಡು ವರ್ಷ ಯಾರೂ ತಿರುಗಿ ನೋಡಲಿಲ್ಲ. ಒಂದು ರಾತ್ರಿ ಮೇಲ್ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ದೊಡ್ಡ ಕಂಪನಿಯೊಂದರದ್ದು. ಎರಡಿಂಚಿನ ಕಾಗದದಲ್ಲಿ ಸಾಲು ತುಂಡಾಗುತ್ತಿದೆ, ನಮ್ಮ ಗ್ರಾಹಕರಿಗೆ ತೊಂದರೆ, ಅರ್ಜೆಂಟ್, ನಾಳೆ ಸಂಜೆಯೊಳಗೆ ಸರಿಮಾಡಿ. ಒಂದು ನಮಸ್ಕಾರ ಕೂಡ ಇರಲಿಲ್ಲ. ಅವರು ನನ್ನ ಕೋಡ್ ಮಾರಿದ್ದಕ್ಕೆ ನನಗೆ ಬೇಜಾರಿಲ್ಲ. ಮಾರಬಹುದು ಎಂದು ನಾನೇ ಬರೆದುಕೊಟ್ಟಿದ್ದೇನೆ. ಮೈ ಉರಿದದ್ದು ಆ ಅರ್ಜೆಂಟ್ ನೋಡಿ. ಮುಯ್ಯಾಳಿಗೆ ಬಂದವನನ್ನು ಕೂಲಿ ಕೊಟ್ಟವರ ಹಾಗೆ ಗದರಿದರೆ ಏನನ್ನಿಸುತ್ತದೆ?

ನನ್ನದು ಸಣ್ಣದು ಬಿಡಿ. ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ಕರ್ಲ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆದ ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್‌ಗೂ 2022ರ ಜನವರಿಯಲ್ಲಿ ಇಂಥದ್ದೇ ಮೇಲ್ ಬಂದಿತ್ತು. ಆಗ ಲಾಗ್4ಜೆ ಎಂಬ ಸಾಫ್ಟ್‌ವೇರ್‌ನ ಭದ್ರತಾ ದೋಷ ಜಗತ್ತಿಗೆಲ್ಲ ತಲೆನೋವಾಗಿತ್ತು. ಅಮೆರಿಕದ ಒಂದು ಭಾರೀ ಕಂಪನಿ, ನಿಮ್ಮದರಲ್ಲೂ ಅದು ಇದೆಯಾ, 24 ಗಂಟೆಯೊಳಗೆ ಉತ್ತರಿಸಿ ಎಂದು ಅವರಿಗೆ ಬರೆಯಿತು. ಕರ್ಲ್ ಇರುವುದು ಸಿ ಭಾಷೆಯಲ್ಲಿ, ಲಾಗ್4ಜೆ ಜಾವಾದ್ದು. ಸಂಬಂಧವೇ ಇಲ್ಲ! ಸಪೋರ್ಟ್ ಕಾಂಟ್ರ್ಯಾಕ್ಟ್ ಮಾಡಿಕೊಳ್ಳಿ, ಎಲ್ಲಕ್ಕೂ ಖುಷಿಯಿಂದ ಉತ್ತರಿಸುತ್ತೇನೆ ಎಂದು ಸ್ಟೆನ್‌ಬರ್ಗ್ ಬರೆದರು. ಆ ಉತ್ತರ ಓದಿದ್ದರಿಂದಲೇ, ಕಾಂಟ್ರ್ಯಾಕ್ಟ್ ಇಲ್ಲದ ಮೇಲೆ ಉತ್ತರದ ಹಂಗೂ ಇಲ್ಲ ಅನ್ನಿಸಿ, ನಾನು ಆ ರಾತ್ರಿ ಏನೂ ಬರೆಯದೆ ಮಲಗಿದೆ.

ಇನ್ನೊಂದು ಥರದ ಜಗಳದಲ್ಲಿ ಬಾಗಿಲು ಹಾಕಿಕೊಳ್ಳುವುದು ಕಂಪನಿ. ರೆಡಿಸ್ ನೋಡಿ. ಡೇಟಾವನ್ನು ಮೆಮೊರಿಯಲ್ಲೇ ಇಟ್ಟು ಪಟ್ಟನೆ ಕೊಡುವ ಸಾಫ್ಟ್‌ವೇರ್. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಶುರುಮಾಡಿದ್ದು. ಆಮೇಲೆ ಅದರ ಹೆಸರಲ್ಲೇ ಕಂಪನಿ ಬೆಳೆಯಿತು. 2024ರ ಮಾರ್ಚ್‌ನಲ್ಲಿ ಆ ಕಂಪನಿ ಲೈಸೆನ್ಸ್ ಬದಲಿಸಿ, ರೆಡಿಸ್ ಅನ್ನು ಬಾಡಿಗೆಗೆ ಕೊಡುವವರಿಗೆ ಕಡಿವಾಣ ಹಾಕಿತು. ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಟ್ಟು ದುಡ್ಡು ಮಾಡುತ್ತವೆ, ಬರೆಯುವ ಖರ್ಚು ನಮ್ಮದು ಅನ್ನುವುದು ಅದರ ಅಳಲು. 2018ರಲ್ಲಿ ಮೊಂಗೊಡಿಬಿ, 2021ರಲ್ಲಿ ಎಲಾಸ್ಟಿಕ್ ಎಂಬ ಕಂಪನಿಗಳೂ ಲೈಸೆನ್ಸ್ ಬದಲಿಸುವಾಗ ಇದನ್ನೇ ಹೇಳಿದ್ದವು. ಸುಳ್ಳೇನಲ್ಲ. ಆದರೆ ರೆಡಿಸ್ ಹೊಲದಲ್ಲಿ ಅಮೆಜಾನ್, ಅಲಿಬಾಬಾ, ಟೆನ್ಸೆಂಟ್ ನೌಕರರೂ ದುಡಿದಿದ್ದರು. ಎಲ್ಲರೂ ಸೇರಿ ಬಿತ್ತಿದ ಮೇಲೆ ಒಬ್ಬರೇ ಬೇಲಿ ಹಾಕಿದ ಹಾಗಾಯಿತು. ಅದೇ ತಿಂಗಳು ಹಾಗೆ ದುಡಿದವರಲ್ಲಿ ಕೆಲವರು ಹಳೆಯ ಕೋಡನ್ನೇ ತೆಗೆದುಕೊಂಡು, ಓಪನ್ ಸೋರ್ಸ್ ಕೆಲಸಗಳಿಗೆ ಆಸರೆಯಾದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವ್ಯಾಲ್ಕಿ ಅಂತ ಬೇರೆ ಮನೆ ಹೂಡಿದರು. 2025ರ ಮೇನಲ್ಲಿ ರೆಡಿಸ್ ಕಂಪನಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸನ್ನೂ ಸೇರಿಸಿತು, ಅಂದರೆ ಮತ್ತೆ ಓಪನ್ ಸೋರ್ಸ್ ಆಯಿತು. ಅಷ್ಟರಲ್ಲಿ ನನ್ನಂಥವರು ವ್ಯಾಲ್ಕಿಗೆ ಜಾಗ ಬದಲಿಸಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಬದಲಿಸುವ ಅಗತ್ಯವೇ ಇರಲಿಲ್ಲ. ಹೊಸ ಷರತ್ತು ತಟ್ಟುತ್ತಿದ್ದದ್ದು ರೆಡಿಸ್ ಅನ್ನೇ ಬಾಡಿಗೆಗೆ ಕೊಡುವವರಿಗೆ. ಸುಮ್ನೆ ಅಲ್ಲೇ ಉಳಿಯಲು ಮನಸ್ಸಾಗಲಿಲ್ಲ.

ಎರಡಿಂಚಿನ ಕಾಗದದ ತೊಂದರೆ ಹೇಗೆ ಬಗೆಹರಿಯಿತು ಅಂದಿರಾ? ಮೂರು ವಾರದ ಮೇಲೆ ಅದೇ ಕಂಪನಿಯ ಹುಡುಗನೊಬ್ಬ ತನ್ನ ಸ್ವಂತ ಮೇಲ್‌ನಿಂದ ಹನ್ನೊಂದು ಸಾಲಿನ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದ. ಭಾನುವಾರ ಕೂತು ಮಾಡಿದ್ದಂತೆ. ಕಂಪನಿ ಹೆಸರು ಎಲ್ಲೂ ಹಾಕಬೇಡಿ ಸರ್, ಪರ್ಮಿಶನ್ ಇಲ್ಲ ಎಂದು ಕೆಳಗೆ ಬರೆದಿದ್ದ. ಪ್ಯಾಚ್ ಚೆನ್ನಾಗಿತ್ತು, ಸೇರಿಸಿಕೊಂಡೆ.

ಇದನ್ನೆಲ್ಲ ಕೇಳಿದ ಸಾಹುಕಾರರು ಕಪ್ಪು ಕೆಳಗಿಟ್ಟರು. "ಹಂಗಾರ ನಾನೂ ಬಳಸಾಕತ್ತೀನಲ್ರೀ. ನನ್ನ ಮ್ಯಾಲಿನ ಮುಯ್ಯಿ ಯಾರಿಗೆ ಮುಟ್ಟಿಸಬೇಕು?"

ನನ್ನ ಮೇಲೂ ಹಾರ್ಫ್‌ಬಜ್‌ನವರ ಮುಯ್ಯಿ ಇದೆ, ಏನು ಹೇಳಲಿ! ಚೀಟಿಯಲ್ಲಿ ಅಕ್ಷರ ತಪ್ಪಿ ಬಂದರೆ ಫೋಟೋ ಹೊಡೆದು ಕಳಿಸಿ, ಅದೂ ಒಂದು ಆಳಿನ ಕೆಲಸವೇ ಅಂದೆ. ಈಗ ವಾರಕ್ಕೆ ಎರಡು ಮೂರು ಫೋಟೋ ವಾಟ್ಸಾಪ್‌ಗೆ ಬರುತ್ತಿವೆ. ನಿನ್ನೆಯದರಲ್ಲಿ ಬಬಲೇಶ್ವರದ 'ಶ್ವ' ಒಡೆದು, ವ ಒತ್ತು ಕಾಗದದ ಅಂಚಿಗೆ ಹೋಗಿ ಕೂತಿದೆ. ಇವತ್ತು ರಾತ್ರಿ ನೋಡಬೇಕು.