ರೇಡಿಯಲ್ ಎಂಟು ದಾಟಿದ ಮೇಲೆ ಎಸ್‌ಡಬ್ಲ್ಯುಆರ್ ಏರಿತು: ತೋಟದ ಆಂಟೆನಾ ದಿನಚರಿ

ವಾರ 1

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದ 20 ಮೀಟರ್ ಬ್ಯಾಂಡಿಗೆ ಕಾಲು ತರಂಗದ ವರ್ಟಿಕಲ್: ತರಂಗದ ಕಾಲುಭಾಗ ಉದ್ದದ, ನೆಟ್ಟಗೆ ನಿಲ್ಲುವ ತಂತಿ ಆಂಟೆನಾ. ಸೂತ್ರದ 71.5 ಅನ್ನು ಮೆಗಾಹರ್ಟ್ಸ್ ಲೆಕ್ಕದ 14.1ರಿಂದ ಭಾಗಿಸಿದರೆ ತಂತಿಯ ಉದ್ದ 5.07 ಮೀಟರ್. ನಿಲ್ಲಿಸಲು ಕಂಬ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಅಡಿಕೆ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ. ಹಗುರ, ಉದ್ದ, ಗಟ್ಟಿ. ತಂತಿಯನ್ನು ಅದಕ್ಕೇ ಕಟ್ಟಿ ಎತ್ತಿದೆ. ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೊ ವಿಎನ್‌ಎ ನೋಡಿದರೆ ರೆಸೊನೆನ್ಸ್ (ಆಂಟೆನಾ ಹೊಂದಿಕೊಳ್ಳುವ ಆವರ್ತನ) ಎಲ್ಲೆಲ್ಲೋ ಹೋಗಿ ಕೂತಿದೆ. ಎರಡು ಗಂಟೆ ತಂತಿ ಕತ್ತರಿಸಿದ ಮೇಲೆ ಹೊಳೆಯಿತು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ! ಕರೆಂಟ್ ಲೈನಿನ ಹತ್ತಿರ ಈ ದೋಟಿ ಎತ್ತಬೇಡ ಎಂದು ಕೆಲಸದವರಿಗೆ ನಾನೇ ಹೇಳುವವನು.

ಕೊನೆಗೆ ಎರಡು ಅಡಿಕೆ ಮರಗಳ ನಡುವೆ ನೈಲಾನ್ ಹಗ್ಗ ಕಟ್ಟಿ, ಹೊಸ ತಂತಿಯನ್ನು ನಡುವಿನಲ್ಲಿ ಇಳಿಬಿಟ್ಟೆ.

ವಾರ 2

ಮನೆಯಲ್ಲಿ ಬಿದ್ದಿದ್ದ ತುಂಡು ತಂತಿಗಳಿಂದ ನೆಲದ ಮೇಲೆ ನಾಲ್ಕು ರೇಡಿಯಲ್, ಅಂದರೆ ಆಂಟೆನಾದ ಬುಡದಿಂದ ಸುತ್ತ ಹರಡುವ ತಂತಿಗಳು. ಆಂಟೆನಾದ ಬುಡದಲ್ಲೇ ಅಳೆದೆ: 58 ಓಮ್, ಆಂಟೆನಾ 50 ಓಮ್‌ಗೆ ಎಷ್ಟು ಹೊಂದುತ್ತದೆಂದು ಹೇಳುವ (1 ಆದರೆ ಪೂರ್ತಿ ಹೊಂದಿಕೆ) ಎಸ್‌ಡಬ್ಲ್ಯುಆರ್ 1.16. ಖುಷಿಯೋ ಖುಷಿ. ಆದರೆ ಸಂಜೆ ಯುರೋಪಿನವರು ಚೆನ್ನಾಗಿ ಕೇಳಿಸುತ್ತಾರೆ, ಕರೆದರೆ ಓಗೊಡುವುದಿಲ್ಲ.

6 ಮೀಟರ್ ಎತ್ತರದಲ್ಲಿರುವ ಹಳೆಯ ಡೈಪೋಲ್ (ಎರಡು ಕೈಗಳ ತಂತಿ ಆಂಟೆನಾ) ಜೊತೆ ಹೋಲಿಸಿದೆ. ಒಂದು ಸರದಿ ಇದು, ಮುಂದಿನದು ಅದು, ಹೀಗೆ ಪುಟ್ಟ ಸಿಗ್ನಲ್ ಕಳಿಸಿ ಎಲ್ಲೆಲ್ಲಿ ಎಷ್ಟು ಬಲವಾಗಿ ಕೇಳಿಸಿತೆಂದು ವರದಿ ಪಡೆಯುವ ಡಬ್ಲ್ಯುಎಸ್‌ಪಿಆರ್‌ನಲ್ಲಿ ಮೂರು ಸಂಜೆ. ಅಯಾನುಗೋಳ ದಿನಕ್ಕೊಂದು ಬಗೆ ಇರುವುದರಿಂದ 'ನಿನ್ನೆಗಿಂತ ಇವತ್ತು ಚೆನ್ನಾಗಿದೆ' ಎನ್ನುವ ಮಾತಿಗೆ ಬೆಲೆಯಿಲ್ಲ, ಡೈಪೋಲ್ ತಕ್ಕಡಿಯ ಬಟ್ಟು ಇದ್ದ ಹಾಗೆ. ಯುರೋಪಿನ ಕಡೆಗೆ ವರ್ಟಿಕಲ್ ಸರಾಸರಿ 1 ಡಿಬಿ (ಡೆಸಿಬೆಲ್, ಸಿಗ್ನಲ್ ಬಲವನ್ನು ಹೋಲಿಸುವ ಅಳತೆ) ಹಿಂದೆ.

ವಾರ 3

ನಮ್ಮದು ಜಂಬಿಟ್ಟಿಗೆ ಮಣ್ಣು, ರೇಡಿಯೊಗೆ ಒಳ್ಳೆಯ ನೆಲವಲ್ಲ. ಮನೆ ವೈರಿಂಗಿನ 90 ಮೀಟರ್ ಸುರುಳಿ ತಂದು, ತುಂಡು ತಂತಿಗಳನ್ನು ಕಿತ್ತು, ಐದೈದು ಮೀಟರಿನ ರೇಡಿಯಲ್ ಹಾಸುತ್ತ ಹೋದೆ. ಎಂಟಾದಾಗ 48 ಓಮ್, ಎಸ್‌ಡಬ್ಲ್ಯುಆರ್ 1.04. ಹದಿನಾರಾದಾಗ 42 ಓಮ್, 1.19. ಹಿರಿಯ ಹ್ಯಾಮ್ ಒಬ್ಬರು ಫೋನಿನಲ್ಲಿ ಗದರಿದರು: "ಎಂಟಕ್ಕೇ ನಿಲ್ಲಿಸೋದಲ್ವೇನೋ ಮಾರಾಯ, ಕೆಡಿಸಿಕೊಂಡೆ!"

ಕೆಟ್ಟಿಲ್ಲ. ಆದರ್ಶ ನೆಲದ ಮೇಲೆ ಕಾಲು ತರಂಗದ ವರ್ಟಿಕಲ್ ತೋರಿಸುವುದು ಸುಮಾರು 36 ಓಮ್. ಅದಕ್ಕಿಂತ ಹೆಚ್ಚು ಕಂಡದ್ದೆಲ್ಲ ಬಹುಪಾಲು ಮಣ್ಣನ್ನು ಬಿಸಿ ಮಾಡುವ ಪಾಲು. 36ನ್ನು 58ರಿಂದ ಭಾಗಿಸಿದರೆ ದಕ್ಷತೆ ಶೇ. 62, 42ರಿಂದ ಭಾಗಿಸಿದರೆ ಶೇ. 86. ನೆಲದಲ್ಲಿ ಪೋಲಾಗುತ್ತಿದ್ದದ್ದೇ ಮೊದಲು 50ರ ಹತ್ತಿರ ತಂದು ಮೀಟರನ್ನು ಮೆಚ್ಚಿಸಿತ್ತು. ಶಕ್ತಿಯನ್ನೆಲ್ಲ ಬಿಸಿಯಾಗಿಸಿ ನುಂಗುವ ಪರೀಕ್ಷಾ ಸಾಧನ ಡಮ್ಮಿ ಲೋಡಿನ ಎಸ್‌ಡಬ್ಲ್ಯುಆರ್ ಯಾವತ್ತೂ 1.0, ಅದರಿಂದ ಯಾರು ಯಾರ ಜೊತೆ ಮಾತಾಡಿದ್ದಾರೆ?

ಆದರೂ ಇಷ್ಟೆಲ್ಲ ಬೆನ್ನು ಬಗ್ಗಿಸಿ ಗಳಿಸಿದ್ದು 1.4 ಡಿಬಿ.

ವಾರ 4

ಮನೆಯಿಂದ ಆಂಟೆನಾಕ್ಕೆ 40 ಮೀಟರ್ ತೆಳ್ಳಗಿನ ಆರ್‌ಜಿ-58 ಕೇಬಲ್ ಇತ್ತು. 14 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ನಷ್ಟ 2.3 ಡಿಬಿಯಷ್ಟು, ಅಂದರೆ 100 ವ್ಯಾಟ್ ಕಳಿಸಿದರೆ ತೋಟ ಮುಟ್ಟುವುದು 59. ದಪ್ಪ ಕೇಬಲ್ ಆರ್‌ಜಿ-213 ಹಾಕಿದೆ, ನಷ್ಟ ಸುಮಾರು 1 ಡಿಬಿಗೆ ಇಳಿಯಿತು. ಹದಿನಾರು ರೇಡಿಯಲ್‌ಗಳ ಲಾಭ ಒಂದೇ ಮಧ್ಯಾಹ್ನದಲ್ಲಿ, ದುಡ್ಡು ಬಿಚ್ಚಿದ್ದಕ್ಕೆ. ಇದನ್ನೇ ಮೊದಲು ಮಾಡಬೇಕಿತ್ತು.

ವಾರ 5

ಅದೇ ಡೈಪೋಲ್, ಮತ್ತೆ ಮೂರು ಸಂಜೆ. ಯುರೋಪಿಗೆ ವರ್ಟಿಕಲ್ ಈಗ 2 ಡಿಬಿ ಮುಂದೆ. ಲೆಕ್ಕ ಹೇಳಿದ್ದು 2.7ರ ಲಾಭ (ರೇಡಿಯಲ್‌ನಿಂದ 1.4, ಕೇಬಲ್‌ನಿಂದ 1.3), ಸಿಕ್ಕಿದ್ದು 3. ವರದಿಗಳು ಪೂರ್ಣ ಡಿಬಿಯಲ್ಲೇ ಬರುವುದರಿಂದ ಆ ಹೆಚ್ಚುವರಿಯನ್ನು ನಾನು ನಂಬುವುದಿಲ್ಲ. ರೇಡಿಯೊದಲ್ಲಿ ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನಲ್ಲಿ ಇದು ಅರ್ಧ ಗೆರೆ ಅಷ್ಟೇ, ಆದರೆ ಗದ್ದಲದ ಅಂಚಿನಲ್ಲಿರುವ ಸಿಗ್ನಲ್ಲಿಗೆ ಆ ಅರ್ಧ ಗೆರೆಯೇ ಆಧಾರ. ಕೇರಳ, ಮಹಾರಾಷ್ಟ್ರದ ಕಡೆಗೆ ಡೈಪೋಲೇ ಮೇಲು. ಕೇಳುವುದಕ್ಕೂ ಅದೇ ವಾಸಿ, ಸೋಲಾರ್ ಬೇಲಿಯ ಟಿಕ್ ಟಿಕ್ ವರ್ಟಿಕಲ್ಲಿಗೆ ಮೊದಲು ಬಡಿಯುತ್ತದೆ.

ನಿನ್ನೆ ಕಳೆ ಹೊಡೆಯುವ ಯಂತ್ರ ತರಗೆಲೆಯ ಅಡಿಯಲ್ಲಿದ್ದ ಎರಡು ರೇಡಿಯಲ್ ತುಂಡರಿಸಿತು. "ಹೇಳಿರ್ಲಿಲ್ವಾ?" ಅಂದರು ಅಪ್ಪಯ್ಯ. ಸುರುಳಿಯಲ್ಲಿ ಉಳಿದದ್ದು ಸರಿಯಾಗಿ 10 ಮೀಟರ್.